ಮಳೆಗಾಲಕ್ಕೆ ಚಿತ್ರ, ಸುಗ್ಗಿ ಮುಗಿದ ಮೇಲೆ ಹಾಡು

6 ಹಾಡು, ಒಟ್ಟು 11 ನಿಮಿಷ. 20 ಪುಟದ ಒಂದು ಚಿತ್ರಕಥೆ ಪುಸ್ತಕ. 100 ಪ್ರತಿ. ಶಿವಮೊಗ್ಗದಲ್ಲೋ ಸಾಗರ, ತೀರ್ಥಹಳ್ಳಿ ಕಡೆಯ ಒಂದು ಹಂಚಿನ ಮನೆಯಲ್ಲೋ ಕೂತು ಮೂವರು ವರ್ಷಕ್ಕೊಮ್ಮೆ ಮಾಡಿ ಮುಗಿಸಬಹುದಾದ ಪಂಕ್ (ವೇಗದ, ಒರಟು ರಾಕ್ ಸಂಗೀತದ) ಕೆಲಸದ ಅಳತೆ ಇದು. ಪುಸ್ತಕದ ಹಿಂದಿನ ರಕ್ಷಾಪುಟದಲ್ಲಿ ಒಂದು ಕ್ಯೂಆರ್ ಚೌಕ, ಅದಕ್ಕೆ ಫೋನು ಹಿಡಿದರೆ ಹಾಡು. ಬರೀ ಹಾಡಿಗೆ ದುಡ್ಡು ಕೊಡುವವರು ನಮ್ಮ ಕಡೆ ತೀರಾ ಕಡಿಮೆ. ಕೈಯಲ್ಲಿ ಹಿಡಿದು ತಿರುವಿ ನೋಡುವ ಪುಸ್ತಕಕ್ಕೆ 40 ರೂಪಾಯಿ ಕೊಡುವವರು ಇದ್ದಾರೆ. ಹಾಗಾಗಿ ನಮಗೆ ಪುಸ್ತಕವೇ ಕ್ಯಾಸೆಟ್ಟು. ಹಾಡು ಕಟ್ಟುವುದನ್ನೂ ಚಿತ್ರ ಬರೆಯುವುದನ್ನೂ ಒಬ್ಬರೇ ಏಕೆ ಕಲಿಯಬೇಕು ಎಂದು ಕೇಳುವವರಿಗೆ ನಮ್ಮ ಉತ್ತರ ಇದೇ.

ನಿಜವಾದ ಕ್ಯಾಸೆಟ್ಟಿನ ಆಸೆ ನಾವು ಬಿಟ್ಟಿದ್ದೇವೆ. ಮಲೆನಾಡಿನ ಎರಡು ಮಳೆಗಾಲ ಕಳೆಯುವುದರೊಳಗೆ ಟೇಪಿಗೆ ಬಿಳಿ ಬೂಷ್ಟು ಹಿಡಿಯುತ್ತದೆ, ಪ್ಲೇಯರಿನ ಬೆಲ್ಟು ಸಡಿಲವಾಗಿ ಹಾಡು ಎಳೆದಾಡುತ್ತದೆ.

ಸ್ವಂತವಾಗಿ ಮಾಡುವುದು ಎಂಬ ಮಾತು ಪಂಕ್ ಜೊತೆಗೇ ಬಂದದ್ದು. ಮ್ಯಾಂಚೆಸ್ಟರಿನ ಬಜ್‌ಕಾಕ್ಸ್ ತಂಡ 500 ಪೌಂಡ್ ಸಾಲ ಮಾಡಿ 1977ರ ಜನವರಿಯಲ್ಲಿ 4 ಹಾಡಿನ ರೆಕಾರ್ಡನ್ನು ತಾನೇ ಹೊರತಂದಿತು. ಮೊದಲ ಅಚ್ಚು 1,000 ಪ್ರತಿ. ವಾಷಿಂಗ್ಟನ್ನಿನಲ್ಲಿ 1980ರಲ್ಲಿ ಡಿಸ್ಕಾರ್ಡ್ ಎಂಬ ರೆಕಾರ್ಡ್ ಕಂಪನಿ ಶುರುವಾದಾಗ ಅದನ್ನು ನಡೆಸುವ ಹುಡುಗರೇ ಕೂತು ರೆಕಾರ್ಡಿನ ಹೊದಿಕೆ ಕತ್ತರಿಸಿ, ಮಡಚಿ, ಅಂಟಿಸಿದರು. ಬ್ಲ್ಯಾಕ್ ಫ್ಲ್ಯಾಗ್ ತಂಡದ ನಾಲ್ಕು ಕಪ್ಪು ಪಟ್ಟಿಯ ಗುರುತನ್ನು ಕೊಟ್ಟ ಚಿತ್ರಕಾರ ರೇಮಂಡ್ ಪೆಟಿಬನ್ ಆ ತಂಡದ ಗಿಟಾರಿಗನ ತಮ್ಮ. ಹತ್ತು ಸಲ ಜೆರಾಕ್ಸಿನ ಜೆರಾಕ್ಸ್ ತೆಗೆದರೂ ಆ ನಾಲ್ಕು ಪಟ್ಟಿ ಕೆಡುವುದಿಲ್ಲ. ಜೆರಾಕ್ಸಿಗೆ ಚಿತ್ರ ಬರೆಯುವವರು ಮೊದಲು ನೋಡಬೇಕಾದದ್ದು ಅದನ್ನು.

ನಮ್ಮ ಕೆಲಸದ ಸರದಿಯನ್ನು ಹವೆ ನಿರ್ಧರಿಸುತ್ತದೆ. ಹಂಚಿನ ಮೇಲೆ ಮಳೆ ಬಡಿಯುವಾಗ ಧ್ವನಿಮುದ್ರಣ ಆಗುವುದಿಲ್ಲ, ಆದ್ದರಿಂದ ಜೂನ್‌ನಿಂದ ಸೆಪ್ಟೆಂಬರ್ ಚಿತ್ರಕ್ಕೆ. ಅಕ್ಟೋಬರ್ ನಡುವಿನಿಂದ ಸಂಕ್ರಾಂತಿವರೆಗೆ ಅಡಿಕೆ ಸುಗ್ಗಿ. ಮನೆಮನೆಯಲ್ಲೂ ಸುಲಿಯುವ ಯಂತ್ರದ ಸದ್ದು, ತಂಡದವರೂ ಕೈಗೆ ಸಿಗುವುದಿಲ್ಲ. ಆಗ ಪದ ಬರೆದು ತಾಲೀಮು ಮಾಡುವುದು. ಫೆಬ್ರುವರಿ ಧ್ವನಿಮುದ್ರಣಕ್ಕೆ. ಮಾರ್ಚಿಗೆ ಕಾಡಿನಲ್ಲಿ ಜೀರುಂಡೆ ಜೋರಾಗುತ್ತದೆ, ಏಪ್ರಿಲ್ ಕೊನೆಗೆ ಗುಡುಗು-ಸಿಡಿಲು. ಈ ಸರದಿ ತಪ್ಪಿಸಿ ಮಾಡಹೊರಟಾಗಲೆಲ್ಲ ಒಂದೋ ಕಾಗದ ಕೆಟ್ಟಿದೆ, ಇಲ್ಲವೇ ಧ್ವನಿ ಕೆಟ್ಟಿದೆ.

ಚಿತ್ರವನ್ನು ಎ4 ಹಾಳೆಯಲ್ಲಿ ಬರೆದು 71 ಶೇಕಡಾಕ್ಕೆ ಇಳಿಸಿದರೆ ಎ5 ಪುಟವಾಗುತ್ತದೆ. ಇಳಿಸಿದಾಗ ಗೆರೆಯ ಸಣ್ಣ ನಡುಕ ಮುಚ್ಚಿಹೋಗುತ್ತದೆ, ಅದು ಲಾಭ. ಗೆರೆ ತೆಳುವಾಗುತ್ತದೆ, ಅದು ನಷ್ಟ: 0.3 ಮಿಲಿಮೀಟರಿನ ಪೆನ್ನಿನ ಗೆರೆ 0.2ಕ್ಕೆ ಬಂದು ಹಳೆಯ ಯಂತ್ರದಲ್ಲಿ ಅಲ್ಲಲ್ಲಿ ಕಡಿದುಹೋಗುತ್ತದೆ. ಹೊರಗೆರೆಗೆ 0.8, ಒಳಗಿನದಕ್ಕೆ 0.5, ಅದಕ್ಕಿಂತ ಸಣ್ಣದು ಬೇಡ. ಸುತ್ತಲೂ 10 ಮಿಲಿಮೀಟರ್ ಖಾಲಿ ಬಿಡಬೇಕು, ಇಳಿಸಿದ ಮೇಲೆ ಅದು 7 ಆಗುತ್ತದೆ. ಹಾಳೆಯ ಅಂಚಿನ ಐದಾರು ಮಿಲಿಮೀಟರನ್ನು ಹೆಚ್ಚಿನ ಜೆರಾಕ್ಸ್ ಯಂತ್ರಗಳು ಅಚ್ಚು ಹಾಕುವುದಿಲ್ಲ. ಕರಡಿಗೆ ತಿಳಿ ನೀಲಿ ಪೆನ್ಸಿಲ್ ಸಾಕು, ಅಳಿಸುವ ಕೆಲಸವಿಲ್ಲ. ಆದರೆ ಯಂತ್ರವನ್ನು ‘ಟೆಕ್ಸ್ಟ್’ಗೆ ಇಡಿಸಿ. ‘ಫೋಟೊ’ದಲ್ಲಿಟ್ಟರೆ ನೀಲಿಯೂ ಬೂದಿಯಾಗಿ ಮೇಲೆದ್ದು ಬರುತ್ತದೆ.

ಬೂದು ಬಣ್ಣವನ್ನು ಮರೆತುಬಿಡಬೇಕು. ನೀರು ಬೆರೆಸಿದ ಶಾಯಿ ಬಳಿದರೆ ಜೆರಾಕ್ಸಿನಲ್ಲಿ ಕಲೆ ಕಲೆಯಾಗುತ್ತದೆ. ನೆರಳು ಬೇಕಾದಲ್ಲಿ ಗೆರೆಯ ಮೇಲೆ ಗೆರೆ, ಇಲ್ಲವೇ ಚುಕ್ಕಿ. ಡಾಕ್ಟರ್ ಎಂ. ಶಿವರಾಂ 1942ರಲ್ಲಿ ಶುರುಮಾಡಿದ, ಆರ್.ಕೆ. ಲಕ್ಷ್ಮಣ್ ಆರಂಭದ ದಿನಗಳಲ್ಲಿ ಚಿತ್ರ ಬರೆದ ‘ಕೊರವಂಜಿ’ ಹಾಸ್ಯಪತ್ರಿಕೆಯ ಕಾಲದಲ್ಲೂ ಗೆರೆಚಿತ್ರದ ಅಚ್ಚಿನ ಬ್ಲಾಕಿಗೆ ಗೊತ್ತಿದ್ದದ್ದು ಕಪ್ಪು ಮತ್ತು ಬಿಳಿ, ಎರಡೇ. ಇನ್ನೂ ಹತ್ತಿರದ ಪಾಠ ಸಾಗರ ಸೀಮೆಯ ದೀವರ ಮನೆಗಳ ಗೋಡೆಯ ಹಸೆ ಚಿತ್ತಾರ. ಕೆಮ್ಮಣ್ಣಿನ ಮೇಲೆ ಅಕ್ಕಿಹಿಟ್ಟಿನ ಬಿಳಿ, ಪುಂಡಿನಾರಿನ ಕುಂಚ, ಗೆರೆಗೆ ಗೆರೆ ತಾಗಿಸದೆ ನಡುವೆ ಸಮನಾದ ಸಂದು. ಆ ಸಂದನ್ನು ಕಣ್ಣಿಟ್ಟು ನೋಡಿ ಕಲಿಯಬೇಕು. ಆ ಚಿತ್ತಾರವನ್ನೇ ಎತ್ತಿ ಅಂಗಿಯ ಮೇಲೆ ಅಚ್ಚು ಹಾಕಿ ಮಾರುವುದು ಮಾತ್ರ ಸರಿಯಲ್ಲ. ಅದು ಬರೆಯುವ ಹೆಂಗಸರದ್ದು.

ಇನ್ನು ಅಕ್ಷರ. ಹೊಸಬರ ಪುಸ್ತಕ ಹೆಚ್ಚು ಕೆಡುವುದು ಇಲ್ಲೇ. ಇಂಗ್ಲಿಷ್ ಕಾಮಿಕ್ಸಿನ ಬಲೂನು ನೋಡಿಕೊಂಡು ಅದೇ ಅಳತೆಯಲ್ಲಿ ಕನ್ನಡ ತುಂಬಲು ಹೋಗುತ್ತಾರೆ. ಕನ್ನಡದ ಸಾಲಿಗೆ ಮೇಲೊಂದು ಕೆಳಗೊಂದು ಮಹಡಿ ಇದೆ. ಅಕ್ಷರದ ಮೈ 4 ಮಿಲಿಮೀಟರ್ ಇದ್ದರೆ ಗುಡಿಸಿಗೆ ಮೇಲೆ 1, ಒತ್ತಿಗೆ ಕೆಳಗೆ ಎರಡೂವರೆ. ಒಂದು ಸಾಲಿನಿಂದ ಇನ್ನೊಂದಕ್ಕೆ 8ರಿಂದ 9 ಮಿಲಿಮೀಟರ್ ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಹೊಡೆಯುತ್ತದೆ. ಇಳಿಸಿದ ಮೇಲೆ ಅಕ್ಷರದ ಮೈ ಸುಮಾರು 2.8 ಮಿಲಿಮೀಟರ್ ಉಳಿಯುತ್ತದೆ. ಅಷ್ಟಿದ್ದರೆ ಬಸ್ಸಿನಲ್ಲಿ ಕೂತೂ ಓದಬಹುದು.

ಆಡುಮಾತು ಬರೆದರೆ ಲೆಕ್ಕ ಬದಲಾಗುತ್ತದೆ. ‘ಹೋಗಬೇಕಾಗಿತ್ತಲ್ಲವೇ’ ಎಂಬುದಕ್ಕೆ 8 ಅಕ್ಷರದ ಅಗಲ ಬೇಕು, ಒತ್ತು ಎರಡು. ‘ಹೋಗ್ಬೇಕಿತ್ತಲ್ವಾ’ ಎಂದರೆ ಅಗಲ 5ಕ್ಕೆ ಇಳಿಯಿತು, ಒತ್ತು ಮೂರಾಯಿತು. ಆಡುಮಾತು ಅಗಲವನ್ನು ಉಳಿಸುತ್ತದೆ, ಎತ್ತರವನ್ನು ಕೇಳುತ್ತದೆ. ಅದಕ್ಕೇ ಕನ್ನಡದ ಬಲೂನು ಅಡ್ಡಕ್ಕಿಂತ ಉದ್ದಕ್ಕೆ ಬೆಳೆದರೆ ಚೆನ್ನ. ಮಾತು ಮೊದಲು ಬರೆಯಿರಿ, ಅದರ ಸುತ್ತ ಬಲೂನು ಎಳೆಯಿರಿ, ಆಮೇಲೆ ಮುಖ, ಕೈ, ಮರ. ಚಿತ್ರ ಮುಗಿಸಿ ಉಳಿದ ಜಾಗದಲ್ಲಿ ಮಾತು ತುರುಕಿದ ಪುಟ ನೋಡಿದ ಕೂಡಲೇ ಗೊತ್ತಾಗುತ್ತದೆ.

ಮಹಾಪ್ರಾಣದ ಸೀಳಿನ ವಿಚಾರವೂ ಹೇಳಬೇಕು. ಬ-ಭ, ದ-ಧ, ಡ-ಢ ಇವುಗಳ ವ್ಯತ್ಯಾಸವೆಲ್ಲ ಕೆಳಗಿನ ಒಂದು ಪುಟ್ಟ ಗೀಟಿನಲ್ಲಿದೆ. ಪೆನ್ನು ದಪ್ಪವಾದರೆ, ಇಲ್ಲವೇ ಯಂತ್ರ ಹೆಚ್ಚು ಟೋನರ್ ಉಗುಳಿದರೆ ಅದು ಮೈಗೆ ಅಂಟಿಕೊಂಡು ‘ಧನ’ ‘ದನ’ವಾಗುತ್ತದೆ. ಸೀಳನ್ನು ಬೇಕಾದ್ದಕ್ಕಿಂತ ಸ್ವಲ್ಪ ಉದ್ದ ಎಳೆದು ಮೈಯಿಂದ ದೂರ ಇಡುವುದೊಂದೇ ದಾರಿ. ಅರ್ಕಾವತ್ತನ್ನೂ ಹಾಗೇ ಬಿಡಿಸಿ ಬರೆಯಬೇಕು.

ಆರಿದ್ರಾ, ಪುನರ್ವಸು, ಪುಷ್ಯ ಮಳೆಗಳಲ್ಲಿ ಕಾಗದ ಥಂಡಿ ಹೀರಿ ಮೆತ್ತಗಾಗುತ್ತದೆ. ಅಂಥ ಹಾಳೆಗೆ ಶಾಯಿ ತಾಗಿಸಿದರೆ ಗೆರೆಯ ಅಂಚಿನಲ್ಲಿ ಬೇರು ಬಿಟ್ಟಂತೆ ಹರಡುತ್ತದೆ. ಬಚ್ಚಲೊಲೆಯ ಮೇಲಿಟ್ಟು ಒಣಗಿಸಿದರೆ ಹೊಗೆ ಹಿಡಿದು ಹಳದಿಯಾಗುತ್ತದೆ. ನಮಗೆ ಒದಗಿದ್ದು ಹಳೆಯ ಉಪಾಯ: ಮರದ ಬೀರುವಿನ ತಳದಲ್ಲಿ 40 ವಾಟಿನ ತಂತಿ ಬಲ್ಬು, ಅದರಿಂದ ಒಂದಡಿ ಮೇಲೆ ಜಾಲರಿಯ ತಟ್ಟೆ, ತಟ್ಟೆಯ ಮೇಲೆ ಹಾಳೆ. ಎಲ್‌ಇಡಿ ಬಲ್ಬು ಸಾಲದು, ಅಷ್ಟು ಶಾಖ ಇಲ್ಲ. ಬಲ್ಬಿಗೆ ಕಾಗದ ತಾಗದಂತೆ ನೋಡಿಕೊಳ್ಳಿ, ಮನೆ ಬಿಟ್ಟು ಹೋಗುವಾಗ ಆರಿಸಿ. ಒಂದು ದಿನಕ್ಕೆ ಬೇಕಾದ ನಾಲ್ಕೈದು ಹಾಳೆಯನ್ನಷ್ಟೇ ಹೊರಗೆ ತೆಗೆಯುವುದು. ಉಕ್ಕಿನ ನಿಬ್ಬು ಒಂದು ರಾತ್ರಿ ಹಾಗೇ ಬಿಟ್ಟರೆ ತುಕ್ಕು ಹಿಡಿಯುತ್ತದೆ. ಒರೆಸಿ ಎಣ್ಣೆ ಸವರಿಡಿ, ಬೆಳಿಗ್ಗೆ ಸೋಪಿನಲ್ಲಿ ತೊಳೆದೇ ಶಾಯಿಗೆ ಅದ್ದಿ. ಎಣ್ಣೆ ಉಳಿದರೆ ಶಾಯಿ ನಿಲ್ಲುವುದಿಲ್ಲ.

ಒಳಪುಟ 16, ಅಂದರೆ ಎರಡೂ ಬದಿ ಅಚ್ಚಾದ 4 ಎ4 ಹಾಳೆ. ರಕ್ಷಾಪುಟಕ್ಕೆ ಇನ್ನೊಂದು ದಪ್ಪ ಹಾಳೆ. ಪುಟ ಜೋಡಿಸುವುದು ಹೀಗೆ: ಮೊದಲ ಹಾಳೆಯ ಮುಂದೆ 16-1, ಹಿಂದೆ 2-15, ಎರಡನೆಯದು 14-3, 4-13, ಮೂರನೆಯದು 12-5, 6-11, ನಾಲ್ಕನೆಯದು 10-7, 8-9. ಯಾವ ಜೋಡಿ ಕೂಡಿಸಿದರೂ 17 ಬರಬೇಕು, ಬಾರದಿದ್ದರೆ ಎಲ್ಲೋ ತಪ್ಪಿದೆ. ಖಾಲಿ ಹಾಳೆ ಮಡಚಿ ಪುಟಸಂಖ್ಯೆ ಬರೆದ ಡಮ್ಮಿಯೊಂದನ್ನು ಜೇಬಿನಲ್ಲಿಟ್ಟುಕೊಂಡೇ ಜೆರಾಕ್ಸ್ ಅಂಗಡಿಗೆ ಹೋಗುವುದು ಕ್ಷೇಮ. ಎರಡೂ ಬದಿ ಹಾಕುವಾಗ ಯಂತ್ರಕ್ಕೆ ‘ಶಾರ್ಟ್ ಎಡ್ಜ್’ ಎಂದು ಹೇಳಬೇಕು. ಉದ್ದಬದಿಗೆ ತಿರುಗಿಸಿದರೆ ಹಿಂದಿನ ಪುಟಗಳೆಲ್ಲ ತಲೆಕೆಳಗು. ಮೊದಲು ಒಂದೇ ಒಂದು ಪ್ರತಿ ತೆಗೆಸಿ, ಮಡಚಿ, ಓದಿ, ಆಮೇಲೆ 99.

ಕಾಲೇಜುಗಳ ಹತ್ತಿರದ ಜೆರಾಕ್ಸ್ ಅಂಗಡಿಗೆ ಪರೀಕ್ಷೆಯ ದಿನಗಳಲ್ಲಿ ಹೋಗಬೇಡಿ. ಯಂತ್ರ ಬಿಸಿಯಾಗಿರುತ್ತದೆ, ಟೋನರ್ ಮುಗಿಯುತ್ತ ಬಂದಿರುತ್ತದೆ. ದೊಡ್ಡ ಕಪ್ಪು ಜಾಗ ಯಂತ್ರಕ್ಕೆ ಕಷ್ಟ, ನಡುವೆ ಬೆಳ್ಳಗಾಗುತ್ತದೆ. ಹೊಸ ಟೋನರ್ ಹಾಕಿದ ದಿನ ಅಂಗಡಿಯವರನ್ನು ಕೇಳಿಕೊಂಡು ಹೋಗುವುದು ಒಳ್ಳೆಯದು: ‘ಅಣ್ಣಾ, ಕಪ್ಪು ಜಾಸ್ತಿ ಇದೆ, ಟೋನರ್ ಬದಲಾಯಿಸಿದ ದಿನ ಒಂದು ಫೋನ್ ಮಾಡ್ತೀರಾ?’ ಎಂದರೆ ಬೇಸರ ಮಾಡಿಕೊಂಡವರನ್ನು ನಾವು ಕಂಡಿಲ್ಲ. ಮಳೆಗಾಲದಲ್ಲಿ ಒಡೆದಿಟ್ಟ ರಿಮ್ಮಿನ ಹಾಳೆ ಯಂತ್ರದೊಳಗೆ ಸಿಕ್ಕಿಕೊಳ್ಳುತ್ತದೆ, ಶಾಖಕ್ಕೆ ಸುರುಳಿ ಸುತ್ತುತ್ತದೆ. ಹೊಸ 75 ಜಿಎಸ್‌ಎಂ (ಚದರ ಮೀಟರಿಗೆ 75 ಗ್ರಾಂ ತೂಗುವ) ರಿಮ್ಮನ್ನು ಅಲ್ಲೇ ಒಡೆಸಿ ಕೂಡಲೇ ಹಾಕಿಸುವುದು ಸರಿ.

ಮಡಿಕೆ ಹಾಕಲು ಸ್ಟೀಲ್ ಚಮಚದ ಬೆನ್ನು ಸಾಕು. ಹಾಳೆಗಳನ್ನು ಒಂದರೊಳಗೊಂದು ಇಟ್ಟು ಒಮ್ಮೆ ಮಡಚಿ, ಬಿಡಿಸಿ, ಮಡಿಕೆಯ ಹೊರಬದಿಯಿಂದ ಉದ್ದ ಕೈಯ ಸ್ಟೇಪ್ಲರಿನಲ್ಲಿ ಎರಡು ಪಿನ್ನು, ತಲೆಯಿಂದಲೂ ಬುಡದಿಂದಲೂ 50 ಮಿಲಿಮೀಟರ್ ಒಳಗೆ. 24/6 ಪಿನ್ನು ಈ ದಪ್ಪಕ್ಕೆ ಸರಿಯಾಗಿದೆ. 20 ಪುಟಕ್ಕೆ ಅಂಚು ಕತ್ತರಿಸುವ ಅಗತ್ಯವಿಲ್ಲ. 32 ದಾಟಿದರೆ ನಡುವಿನ ಹಾಳೆ ಹೊರಗೆ ಚಾಚಿ ಕಾಣುತ್ತದೆ, ಆಗ ಬೈಂಡಿಂಗಿನವರ ಕಟಿಂಗ್ ಯಂತ್ರಕ್ಕೆ ಹೋಗಬೇಕು.

ರಕ್ಷಾಪುಟವನ್ನು ಲಗ್ನಪತ್ರಿಕೆ ಅಚ್ಚು ಹಾಕುವ ಸ್ಕ್ರೀನ್ ಪ್ರಿಂಟಿಂಗ್‌ನವರಲ್ಲಿ ಮಾಡಿಸುತ್ತೇವೆ. ಮಾಘದಿಂದ ಜ್ಯೇಷ್ಠದವರೆಗೆ ಅವರಿಗೆ ಬಿಡುವಿಲ್ಲ. ಆಷಾಢದಲ್ಲಿ ಮದುವೆ ಇಲ್ಲ, ಅಂಗಡಿ ಖಾಲಿ. 100 ಹಾಳೆಯ ಸಣ್ಣ ಕೆಲಸವನ್ನೂ ಮನಸ್ಸಿಟ್ಟು ಮಾಡಿಕೊಡುತ್ತಾರೆ, ಪಕ್ಕದಲ್ಲಿ ನಿಂತು ಕಲಿಯಲೂ ಬಿಡುತ್ತಾರೆ. ಆದರೆ ಆಷಾಢವೆಂದರೆ ಥಂಡಿ. ಸ್ಕ್ರೀನಿಗೆ ಬಳಿದ ಎಮಲ್ಷನ್ (ಬೆಳಕಿಗೆ ಗಟ್ಟಿಯಾಗುವ ಲೇಪ) ಕತ್ತಲೆಯಲ್ಲಿ ಪೂರ್ತಿ ಒಣಗದೆ ಬೆಳಕಿಗೆ ಹಿಡಿದರೆ, ತೊಳೆಯುವಾಗ ಚಿತ್ರವೂ ಜೊತೆಗೇ ಹರಿದುಹೋಗುತ್ತದೆ. ಫ್ಯಾನಿನ ಕೆಳಗೆ ಒಂದು ರಾತ್ರಿ ಇಡಲೇಬೇಕು. ಅಚ್ಚಾದ ಹಾಳೆಗಳನ್ನು ಒಂದರ ಮೇಲೊಂದು ಪೇರಿಸಿದರೆ ಶಾಯಿ ಮೇಲಿನ ಹಾಳೆಯ ಬೆನ್ನಿಗೆ ಅಂಟುತ್ತದೆ. ಜಗಲಿಯಲ್ಲಿ ಹಗ್ಗ ಕಟ್ಟಿ ಬಟ್ಟೆ ಕ್ಲಿಪ್ಪಿನಲ್ಲಿ ಎರಡು ದಿನ ತೂಗುಹಾಕಿ. ಎರಡು ಬಣ್ಣದ ಆಸೆಯನ್ನು ಮಳೆಗಾಲದಲ್ಲಿ ಬಿಡಿ. ಮೊದಲ ಬಣ್ಣ ಒಣಗುವಷ್ಟರಲ್ಲಿ ಕಾರ್ಡು ಥಂಡಿಗೆ ಹಿಗ್ಗಿ ಎರಡನೆಯ ಬಣ್ಣ ಪಕ್ಕಕ್ಕೆ ಕೂರುತ್ತದೆ. ಬಣ್ಣದ 170 ಜಿಎಸ್‌ಎಂ ಕಾರ್ಡಿನ ಮೇಲೆ ಒಂದೇ ಕಪ್ಪು ಹಾಕಿದರೆ ಎರಡು ಬಣ್ಣದ ಗತ್ತು ತಾನಾಗಿ ಬರುತ್ತದೆ.

ಪದದ ಕೆಲಸಕ್ಕೆ ಬರೋಣ. ಕನ್ನಡದಲ್ಲಿ ಪಂಕ್ ಹಾಡು ಕೂರುವುದಿಲ್ಲ ಎನ್ನುವವರು ಮಾತ್ರೆ ಎಣಿಸಿ ನೋಡಿಲ್ಲ. ನಿಮಿಷಕ್ಕೆ 180 ಬೀಟಿನ ಹಾಡಿನಲ್ಲಿ 4 ಬೀಟಿನ ಒಂದು ಬಾರ್ 1.33 ಸೆಕೆಂಡು. ಅದರಲ್ಲಿ ಗಿಟಾರಿನ ಹೊಡೆತ 8. ಒಂದು ಹೊಡೆತಕ್ಕೆ ಒಂದು ಮಾತ್ರೆ ಎಂದು ಹಿಡಿದರೆ 4 ಮಾತ್ರೆಯ ಎರಡು ಗಣ, ಅಂದರೆ ನಮ್ಮ ಮಂದಾನಿಲ ರಗಳೆಯ ನಡೆ. ‘ಕರೆಂಟು ಹೋಯ್ತು’ ಎಂಬ ಸಾಲು ನೋಡಿ: ಕ-ರೆಂ-ಟು ನಾಲ್ಕು, ಹೋಯ್-ತು ಮೂರು, ಕೊನೆಯ ಒಂದು ಮಾತ್ರೆ ಖಾಲಿ. ‘ಮಳೆ ನಿಂತಿಲ್ಲ’ವೂ ಅದೇ ಅಳತೆ: ಮ-ಳೆ-ನಿಂ ನಾಲ್ಕು, ತಿಲ್-ಲ ಮೂರು, ಒಂದು ಖಾಲಿ. ಹಾಡುವವರು ಉಸಿರೆಳೆಯುವುದು ಆ ಖಾಲಿಯಲ್ಲಿ. ಅದನ್ನೂ ತುಂಬಿದರೆ ಮೂರನೆಯ ಸಾಲಿಗೇ ದಮ್ಮು ಕಟ್ಟುತ್ತದೆ.

ಭಾಮಿನಿ ಷಟ್ಪದಿಯ ಮೂರು-ನಾಲ್ಕರ ನಡೆ ನಮ್ಮ ಕಿವಿಯಲ್ಲಿ ಮೊದಲೇ ಕೂತಿರುವುದರಿಂದ ಬರೆಯುವಾಗ ಗೊತ್ತಿಲ್ಲದೆ ಅದು ನುಸುಳುತ್ತದೆ. ಅದರಲ್ಲಿ ಎರಡನೆಯ ಗಣ ನಾಲ್ಕನೆಯ ಹೊಡೆತಕ್ಕೆ ಶುರು. ಕಿಕ್ (ಕಾಲಿನಿಂದ ಬಾರಿಸುವ ದೊಡ್ಡ ಡ್ರಮ್ಮು) ಅಲ್ಲೂ ಇಲ್ಲ, 3 ಮತ್ತು 7ಕ್ಕೆ ಬೀಳುವ ಸ್ನೇರ್ (ಕೋಲಿನಿಂದ ಬಾರಿಸುವ ಚುರುಕು ಸದ್ದಿನ ಸಣ್ಣ ಡ್ರಮ್ಮು) ಅಲ್ಲೂ ಇಲ್ಲ. ಡ್ರಮ್ಮಿನವರು ಒಂದು ಕಡೆ, ಪದ ಒಂದು ಕಡೆ ಎಳೆಯುತ್ತವೆ. ಬೇಕೆಂದೇ ಒಂದು ಸಾಲಿನಲ್ಲಿ ಹಾಗೆ ಮಾಡಿದರೆ ರುಚಿ, ಹಾಡಿಡೀ ಮಾಡಿದರೆ ಮುಗ್ಗರಿಕೆ. ಪಲ್ಲವಿಯ ಕೊನೆಗೆ ‘ಉ’ಕಾರ ಬೇಡ, ಬಾಯಿ ಮುಚ್ಚಿಕೊಂಡು ಕೂಗುವುದಕ್ಕಾಗುವುದಿಲ್ಲ. ‘ಅಲ್ವಾ’, ‘ಬಾರೋ’, ‘ಯಾಕೋ’ ಹೀಗೆ ಆ, ಓ ಸ್ವರಕ್ಕೆ ಮುಗಿಸಿದರೆ ಹಿಂದಿನ ಸಾಲಿನವರೂ ಜೊತೆಗೆ ಕೂಗುತ್ತಾರೆ.

ಧ್ವನಿಮುದ್ರಣಕ್ಕೆ ಮುಂಚೆ ವಿದ್ಯುತ್ತಿನ ಸುರಕ್ಷೆ. ಹಳೆಯ ಮನೆಗಳಲ್ಲಿ ಮೂರು ತೂತಿನ ಸಾಕೆಟ್ ಇದ್ದರೂ ಅರ್ತಿಂಗ್ ಇರುವುದಿಲ್ಲ. ಆ ಸಾಕೆಟ್ಟಿಗೆ ಆ್ಯಂಪ್ (ಗಿಟಾರಿನ ಸದ್ದು ಹೆಚ್ಚಿಸುವ ಪೆಟ್ಟಿಗೆ) ಹಾಕಿ ಗಿಟಾರ್ ಹಿಡಿದು ಮೈಕಿಗೆ ತುಟಿ ತಾಗಿಸಿದರೆ ಶಾಕ್ ಹೊಡೆಯುತ್ತದೆ, ಪ್ರಾಣಕ್ಕೂ ಕುತ್ತು. ಟೆಸ್ಟರನ್ನು ಗಿಟಾರಿನ ತಂತಿಗೆ ತಾಗಿಸಿ ನೋಡಿ. ಮಿಣುಕಿದರೂ ಆ ಪ್ಲಗ್ಗಿನಲ್ಲಿ ನುಡಿಸಬೇಡಿ, ಎಲೆಕ್ಟ್ರಿಷಿಯನ್ ಬಂದು ಅರ್ತಿಂಗ್ ಸರಿಮಾಡುವವರೆಗೆ ಕೆಲಸ ನಿಲ್ಲಿಸಿ. ‘ಗುಂಯ್’ ಸದ್ದು ನಿಲ್ಲಲೆಂದು ಪ್ಲಗ್ಗಿನ ಅರ್ತ್ ಪಿನ್ನು ಮುರಿಯುವ ಅಭ್ಯಾಸ ಎಲ್ಲೆಡೆ ಇದೆ. ಅದನ್ನು ಮಾತ್ರ ಮಾಡಲೇಬಾರದು. ಕರೆಂಟು ಹೋಗಿ ಇನ್ವರ್ಟರ್ ಶುರುವಾದರೆ, ಅದು ಸೈನ್ ವೇವ್ ಅಲ್ಲದಿದ್ದರೆ, ಗಿಟಾರಿನ ಟ್ರ್ಯಾಕಿನ ತುಂಬ ಜೇನುಗೂಡು ಕೆದಕಿದ ಸದ್ದು. ಲ್ಯಾಪ್‌ಟಾಪನ್ನು ಬ್ಯಾಟರಿಯಲ್ಲೇ ನಡೆಸಿ. ಎರಡು ಇನ್‌ಪುಟ್ಟಿನ ಸಣ್ಣ ಇಂಟರ್‌ಫೇಸ್ (ಮೈಕು, ಗಿಟಾರನ್ನು ಲ್ಯಾಪ್‌ಟಾಪಿಗೆ ಜೋಡಿಸುವ ಪೆಟ್ಟಿಗೆ) ಯುಎಸ್‌ಬಿಯಿಂದಲೇ ಓಡುತ್ತದೆ.

ಕೋಣೆಗೆ ಅಡಿಕೆ ಚೀಲ, ಕಂಬಳಿ, ಹಾಸಿಗೆ. ಕಂಬಳಿಯನ್ನು ಗೋಡೆಗೆ ಅಂಟಿಸದೆ ನಾಲ್ಕು ಬೆರಳು ಈಚೆ ತೂಗುಹಾಕಿದರೆ ಹೆಚ್ಚು ಕೆಲಸ ಮಾಡುತ್ತದೆ. ಖಾಲಿ ಗೋಣಿಯಿಂದ ಹೆಚ್ಚು ಪ್ರಯೋಜನವಿಲ್ಲ, ತುಂಬಿದ ಚೀಲ ಮೂಲೆಗಿಡಿ. ಡ್ರಮ್ಮಿಗೆ ಎರಡೇ ಮೈಕು: ಒಂದು ಕಿಕ್ಕಿನ ಮುಂದೆ 10 ಸೆಂಟಿಮೀಟರ್, ಇನ್ನೊಂದು ಬಾರಿಸುವವರ ಬಲಭುಜದ ಮೇಲಿಂದ ಸ್ನೇರ್ ಕಡೆ ಮುಖಮಾಡಿ, ಸುಮಾರು 1 ಮೀಟರ್ ದೂರ. ಎರಡನ್ನೂ ಸೇರಿಸಿದಾಗ ಕಿಕ್ಕಿನ ಗುದ್ದು ತೆಳುವಾದರೆ ಒಂದರ ಪೊಲಾರಿಟಿ (ಧ್ವನಿಯ ಅಲೆಯ ಮೇಲು-ಕೆಳಗು) ತಿರುಗಿಸಿ ಕೇಳಿ, ಯಾವುದು ದಪ್ಪವೋ ಅದೇ ಸರಿ. ಹೈ-ಹ್ಯಾಟನ್ನು (ಡ್ರಮ್ಮಿನ ಪಕ್ಕದ ಜೋಡಿ ತಾಳ) ಮೆತ್ತಗೆ ಬಾರಿಸಲು ಮೊದಲೇ ಹೇಳಬೇಕು. ಅದರ ಚುರುಕು ಸದ್ದು ಎಲ್ಲ ಮೈಕಿಗೂ ನುಗ್ಗುತ್ತದೆ, ಆಮೇಲೆ ತೆಗೆಯುವ ದಾರಿಯಿಲ್ಲ. ಧ್ವನಿಮುದ್ರಣವನ್ನು 24 ಬಿಟ್, 48 ಕಿಲೋಹರ್ಟ್ಸಿಗೆ ಇಡಿ. ಜೋರಾದ ಹೊಡೆತವೂ ಮೈನಸ್ 6 ಡೆಸಿಬಲ್ ದಾಟಬಾರದು.

ಗಿಟಾರಿಗೆ 15-20 ವಾಟಿನ ಸಣ್ಣ ಆ್ಯಂಪ್, ಮೈಕು ಸ್ಪೀಕರಿನ ಬಟ್ಟೆಯಿಂದ 3 ಸೆಂಟಿಮೀಟರ್, ನಟ್ಟನಡುವೆ ಬೇಡ, ಸ್ವಲ್ಪ ಪಕ್ಕಕ್ಕೆ. ಗೇನ್ (ಸದ್ದನ್ನು ಒರಟಾಗಿಸುವ ಗುಂಡಿ) ತಾಲೀಮಿನಲ್ಲಿ ಇಟ್ಟದ್ದಕ್ಕಿಂತ ಕಾಲುಭಾಗ ಕಡಿಮೆ. ಒಂದೇ ಭಾಗವನ್ನು ಎರಡು ಸಲ ಬೇರೆ ಬೇರೆಯಾಗಿ ನುಡಿಸಿ ಎಡಕ್ಕೊಂದು ಬಲಕ್ಕೊಂದು ಇಡಿ. ಒಂದನ್ನೇ ನಕಲು ಮಾಡಿ ಇಟ್ಟರೆ ಅಗಲ ಬರುವುದಿಲ್ಲ. ಮಳೆಗಾಲದಲ್ಲಿ ಗಿಟಾರಿನ ಕತ್ತು ಬಾಗಿ ತಂತಿ ಮೇಲೆದ್ದಿರುತ್ತದೆ. ಟ್ರಸ್ ರಾಡನ್ನು (ಕತ್ತಿನೊಳಗಿನ ಲೋಹದ ಸರಳು) ಒಮ್ಮೆಗೆ ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸದೆ, ಒಂದು ದಿನ ಬಿಟ್ಟು ನೋಡಿ. ಹೊಸ ತಂತಿ ಆಮೇಲೆ.

ಹಾಡುವುದು ಕೊನೆಗೆ. ನಡುರಾತ್ರಿ ಸದ್ದಿಲ್ಲ ಎಂದುಕೊಳ್ಳುತ್ತೇವೆ, ಆದರೆ ತೋಟದ ಕೀಟಗಳ ಸದ್ದು 4ರಿಂದ 8 ಸಾವಿರ ಹರ್ಟ್ಸಿನ ನಡುವೆ, ‘ಸ’ ‘ಶ’ಗಳು ಇರುವಲ್ಲೇ ಕೂರುತ್ತದೆ. ಅದನ್ನು ಕತ್ತರಿಸಹೋದರೆ ಮಾತೂ ಹೋಗುತ್ತದೆ. ದೂರದ ಸಣ್ಣ ಸದ್ದನ್ನೂ ಹಿಡಿಯುವ ಕಂಡೆನ್ಸರ್ ಮೈಕು ಬದಿಗಿಟ್ಟು ಸಾಧಾರಣ ಡೈನಾಮಿಕ್ ಮೈಕನ್ನು ಬಾಯಿಂದ 5 ಸೆಂಟಿಮೀಟರಿಗೆ ತಂದು ಹಾಡಿದರೆ ಹೊರಗಿನದು ಬಹುಪಾಲು ಅಡಗುತ್ತದೆ.

ಮಿಕ್ಸಿಂಗಿನಲ್ಲಿ ಒಂದನ್ನಷ್ಟೇ ಒತ್ತಿ ಹೇಳುತ್ತೇವೆ. ನಮ್ಮ ಕೇಳುಗರು ಫೋನಿನ ಪುಟ್ಟ ಸ್ಪೀಕರಿನಲ್ಲಿ ಕೇಳುತ್ತಾರೆ, ಅದರಲ್ಲಿ 200 ಹರ್ಟ್ಸಿನ ಕೆಳಗೆ ಹೆಚ್ಚು ಏನೂ ಇಲ್ಲ. ಬೇಸ್ ಗಿಟಾರಿಗೆ ಸ್ವಲ್ಪ ಡಿಸ್ಟಾರ್ಷನ್ (ಒಡಕು ಸದ್ದು) ಬೆರೆಸಿದರೆ ಅದರ ಮೇಲಿನ ಸ್ವರಗಳು ಎದ್ದು ಫೋನಿನಲ್ಲೂ ಬೇಸ್ ಇದೆ ಎನಿಸುತ್ತದೆ.

11 ನಿಮಿಷದ 6 ಹಾಡು 128 ಕೆಬಿಪಿಎಸ್ ಎಂಪಿ3 ಆದರೆ ಹತ್ತೂವರೆ ಎಂಬಿ, 192ಕ್ಕೆ ಹದಿನಾರರ ಹತ್ತಿರ. ನೆಟ್‌ವರ್ಕ್‌ಗಾಗಿ ಗುಡ್ಡ ಹತ್ತುವ ಊರುಗಳಿಗೆ 128ರದ್ದೂ ಇರಲಿ, ಪುಸ್ತಕ ಮಾರುವಲ್ಲೇ ಬ್ಲೂಟೂತಿನಲ್ಲಿ ಕಳಿಸುವ ವ್ಯವಸ್ಥೆಯೂ ಇರಲಿ. ಕ್ಯೂಆರ್ ಚೌಕದ ಕೊಂಡಿ 26 ಅಕ್ಷರದೊಳಗಿದ್ದರೆ, ತಪ್ಪು ತಿದ್ದುವ ಮಟ್ಟ ‘ಎಂ’ ಇಟ್ಟರೆ, 25ಕ್ಕೆ 25 ಮನೆಯ ಚೌಕವಾಗುತ್ತದೆ. ಅದನ್ನು 25 ಮಿಲಿಮೀಟರಿಗೆ ಅಚ್ಚು ಹಾಕಿ: ಒಂದು ಮನೆಗೆ ಒಂದು ಮಿಲಿಮೀಟರ್. ಸುತ್ತ 4 ಮಿಲಿಮೀಟರ್ ಖಾಲಿ ಇರಲೇಬೇಕು, ಅಲ್ಲಿಗೆ ಚಿತ್ರ ಚಾಚಿದರೆ ಫೋನಿಗೆ ಚೌಕ ಸಿಗುವುದಿಲ್ಲ. ಗಾಢ ಬಣ್ಣದ ಕಾರ್ಡಿನ ಮೇಲೆ ಕಪ್ಪು ಚೌಕ ಓದುವುದಿಲ್ಲ. ಹಳದಿ, ತಿಳಿ ಹಸಿರು ಆಗುತ್ತದೆ.

ಪ್ರದರ್ಶನಕ್ಕೆ ಮೈಕ್ ಸೆಟ್ ಬಾಡಿಗೆಗೆ ಹಿಡಿಯುವಾಗ ದಿನ ನೋಡಿ. ಸಾಗರದಲ್ಲಿ ಮೂರು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆ ಬಂದಾಗ ಆ ಸೀಮೆಯ ಸೆಟ್ಟೆಲ್ಲ ಅಲ್ಲಿರುತ್ತದೆ. ಧ್ವನಿವರ್ಧಕಕ್ಕೆ ಪೊಲೀಸ್ ಠಾಣೆಯಿಂದ ಬರಹದ ಅನುಮತಿ ಬೇಕು, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಹೊರಗೆ ಹಾಕುವಂತಿಲ್ಲ. ಸೆಟ್ಟಿನವರು ಭಾಷಣಕ್ಕೂ ಭಜನೆಗೂ ಎಂದು ಎಕೋ ಹಾಕಿಯೇ ಇಟ್ಟಿರುತ್ತಾರೆ. 180ರ ವೇಗದಲ್ಲಿ ಒಂದು ಬೀಟಿಗೆ ಮೂರನೇ ಒಂದು ಸೆಕೆಂಡು, ಎಕೋ ಬಂದು ಸೇರುವಷ್ಟರಲ್ಲಿ ಮುಂದಿನ ಪದ ಹೊರಟಿರುತ್ತದೆ. ಒಂದು ಮಾತೂ ತಿಳಿಯುವುದಿಲ್ಲ. ‘ಅಣ್ಣಾ, ಎಕೋ ಪೂರ್ತಿ ತೆಗೀರಿ, ಸೊನ್ನೆ ಮಾಡಿ’ ಎಂದು ತಾಲೀಮಿನ ಹೊತ್ತಿಗೂ ಹೇಳಿ, ಹಾಡುವ ಮುಂಚೆ ಇನ್ನೊಮ್ಮೆಯೂ ನೋಡಿ.

ಕರೆಂಟೇ ಇಲ್ಲದ ಜಾಗದಲ್ಲಿ ಪುಸ್ತಕದ ಚಿತ್ರಗಳು ಕೈಹಿಡಿಯುತ್ತವೆ. ನ್ಯೂಯಾರ್ಕಿನ ಜೆಫ್ರಿ ಲೂಯಿಸ್ ಹಾಡುಗಾರರೂ ಹೌದು, ಕಾಮಿಕ್ಸ್ ಬರೆಯುವವರೂ ಹೌದು; ತಾವೇ ಬರೆದ ದೊಡ್ಡ ಚಿತ್ರಪುಟಗಳನ್ನು ತಿರುವುತ್ತ ವೇದಿಕೆಯಲ್ಲಿ ಹಾಡುತ್ತಾರೆ. ನಾವು 22 ಇಂಚಿಗೆ 28 ಇಂಚಿನ ಕಾರ್ಡ್‌ಶೀಟು ಬಳಸುತ್ತೇವೆ. ಎರಡು ನಿಮಿಷದ ಹಾಡಿಗೆ 12 ಹಾಳೆ, ಒಂದಕ್ಕೆ 10 ಸೆಕೆಂಡು. ಗೆರೆ 10 ಮಿಲಿಮೀಟರ್ ದಪ್ಪವಿದ್ದರೆ 30 ಅಡಿ ದೂರಕ್ಕೆ ಕಾಣುತ್ತದೆ, ಒಂದು ಹಾಳೆಯಲ್ಲಿ ಎರಡು ಆಕೃತಿಗಿಂತ ಹೆಚ್ಚು ಬೇಡ. ಮೇಲಂಚಿನಲ್ಲಿ ತೂತು ಮಾಡಿ ಎರಡು ಕಬ್ಬಿಣದ ಬಳೆಗೆ ಪೋಣಿಸಿ, ಕೆಳಗೆ ಗಾಳಿಗೆ ಎರಡು ಬಟ್ಟೆ ಕ್ಲಿಪ್ಪು. ಒಂದು ಮರದ ಗಿಟಾರು, ಒಂದು ತಮಟೆ ಇದ್ದರೆ ಶಾಲೆಯ ಜಗಲಿಯೂ ಸಾಕು. 1949ರಲ್ಲಿ ಹುಟ್ಟಿದ ನೀನಾಸಂನಿಂದಾಗಿ ಹೆಗ್ಗೋಡಿನ ಸುತ್ತಿನ ಜನಕ್ಕೆ ಹೊಸ ಬಗೆಯ ಆಟ ಕೂತು ನೋಡುವ ರೂಢಿ ಇದೆ. ಆ ರೂಢಿ ಬೇರೆ ಊರುಗಳಲ್ಲೂ ಇದೆ, ಹುಡುಕಿ ಹೋಗಬೇಕು.

ದುಡ್ಡಿನ ಲೆಕ್ಕ. ನಮಗೆ ಒಂದು ಪ್ರತಿಗೆ ಒಳಪುಟ 8 ರೂಪಾಯಿ, ರಕ್ಷಾಪುಟ 7, ಪಿನ್ನು ಮತ್ತಿತರೆ 1, ಒಟ್ಟು 16. ನೂರಕ್ಕೆ 1,600. ಇಪ್ಪತ್ತು ಪ್ರತಿ ಕೈಸಾಲ ತೀರಿಸಿದಂತೆ ಹಂಚಿಹೋಗುತ್ತವೆ. 80ನ್ನು 40ರಂತೆ ನಾವೇ ಮಾರಿದರೆ 3,200, ಉಳಿದದ್ದು 1,600. ಅಂಗಡಿಯಲ್ಲಿಟ್ಟರೆ ಮೂರನೇ ಒಂದು ಪಾಲು ಅವರಿಗೆ. ಈ ಉಳಿಕೆ ತಂತಿಗೆ, ಡ್ರಮ್ಮಿನ ಕೋಲಿಗೆ, ಮುಂದಿನ ವರ್ಷದ ಕಾಗದಕ್ಕೆ. ಮನೆ ನಡೆಸಲು ಅಲ್ಲ. ಮನೆ ನಡೆಯುವುದು ಅದೇ ಕೈಯ ಬೇರೆ ಕೆಲಸದಿಂದ: ಅಂಗಡಿ ಬೋರ್ಡಿನ ಅಕ್ಷರ, ಪಠ್ಯದ ಚಿತ್ರ, ಮದುವೆಮನೆಯ ಮುಖಚಿತ್ರ, ಬೇರೆ ತಂಡಗಳ ಧ್ವನಿಮುದ್ರಣ. ಪುಸ್ತಕವನ್ನು ಕೈಗೆ ಕೊಟ್ಟರೆ ಅದೇ ಪರಿಚಯಪತ್ರ. ಈ ಕೆಲಸಗಳ ದರವನ್ನು ಮೊದಲೇ ಬರೆದು ಕೊಟ್ಟು ಅರ್ಧ ಮುಂಗಡ ತೆಗೆದುಕೊಳ್ಳುವುದನ್ನು ನಾವು ತಡವಾಗಿ ಕಲಿತೆವು.

ಊರಿನ ಮಾರಾಟಕ್ಕೆ ಯುಪಿಐ. ಹೊರದೇಶದವರಿಗೆ ಹಾಡು ಮಾರುವ ಜಾಲತಾಣ ಬ್ಯಾಂಡ್‌ಕ್ಯಾಂಪ್, ಹಾಡಿನ ಬೆಲೆಯಲ್ಲಿ 15 ಶೇಕಡಾ ಅವರು ಹಿಡಿಯುತ್ತಾರೆ. ಹಣ ಪೇಪಾಲ್‌ಗೆ ಬರುತ್ತದೆ, ಅದು 2021ರ ಏಪ್ರಿಲ್ 1ರಿಂದ ದೇಶದೊಳಗಿನ ಪಾವತಿ ನಡೆಸುವುದಿಲ್ಲ. ಆದ್ದರಿಂದ ಬೆಂಗಳೂರಿನವರಿಗೂ ಯುಪಿಐ ಸಂಖ್ಯೆಯೇ ಕೊಡಬೇಕು. ಅಂಚೆಗೆ ತೂಕ ಮುಖ್ಯ: 75 ಜಿಎಸ್‌ಎಂನ 4 ಎ4 ಹಾಳೆ 18.7 ಗ್ರಾಂ, 170ರ ಒಂದು ಹಾಳೆ 10.6, ಒಟ್ಟು 29ರ ಆಸುಪಾಸು. ಲಕೋಟೆ, ಒಳಗಿನ ರಟ್ಟು ಸೇರಿದರೂ ಸ್ಪೀಡ್ ಪೋಸ್ಟಿನ ಮೊದಲ ಹಂತವಾದ 50 ಗ್ರಾಂ ದಾಟುವುದಿಲ್ಲ. ಪುಸ್ತಕವನ್ನು ಮೊದಲು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಆಮೇಲೆ ಲಕೋಟೆ. ಮಳೆಯಲ್ಲಿ ಬಸ್ಸಿನ ಮೇಲೆ ಹೋಗುವ ಕಟ್ಟಿನಲ್ಲಿ ಅದೂ ಇರಬಹುದು.

ಮೇ ತಿಂಗಳ ಬಿಸಿಲು ಇರುವಾಗಲೇ ಮೂಲಚಿತ್ರಗಳನ್ನು ಒಂದು ಮಧ್ಯಾಹ್ನ ನೆರಳಿನ ಗಾಳಿಗೆ ಹರಡಿ, ನಡುನಡುವೆ ಬಿಳಿ ಹಾಳೆ ಇಟ್ಟು, ಬಿಗಿ ಮುಚ್ಚಳದ ಟ್ರಂಕಿಗೆ ಹಾಕಿ ಸಿಲಿಕಾ ಜೆಲ್ ಪೊಟ್ಟಣ ಸೇರಿಸಿ. ಪೆನ್ಸಿಲಿನಲ್ಲಿ ಹಿಂಬದಿಗೆ ಪುಟಸಂಖ್ಯೆ, ವರ್ಷ. 600 ಡಿಪಿಐ ಸ್ಕ್ಯಾನ್, ಹಾಡಿನ ಬಿಡಿ ಟ್ರ್ಯಾಕುಗಳು ಎರಡು ಬೇರೆ ಡ್ರೈವಿನಲ್ಲಿ, ಎರಡು ಬೇರೆ ಮನೆಯಲ್ಲಿ. ಸ್ಕ್ರೀನಿನ ಶಾಯಿ ತೊಳೆದು, ಎಮಲ್ಷನ್ನಿನ ಚಿತ್ರವನ್ನು ತೆಗೆಯದೆ ಇಡಿ. ನೂರು ಪ್ರತಿ ಮುಗಿದು ಇನ್ನೂ ಐವತ್ತು ಕೇಳಿದರೆ ಅದೇ ಸ್ಕ್ರೀನಿನಲ್ಲಿ ಆಷಾಢಕ್ಕೆ ಮತ್ತೆ ಎಳೆಯಬಹುದು.